ಪದ ಪರಿಚಯ: ಭುಜದ ಪುನರ್ವಸತಿ

ಕಳೆದ ವರ್ಷ ಆಷಾಢದ ಮಳೆಯಲ್ಲಿ ಚಿಕ್ಕಪ್ಪ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಬಿದ್ದರು. ಬಲಗೈ ಊರಿದ್ದರಿಂದ ಸೊಂಟ ಉಳಿಯಿತು, ಭುಜ ಹೋಯಿತು. ಶಿವಮೊಗ್ಗದಲ್ಲಿ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಊರಿಗೆ ಹೊರಟಾಗ ಆಸ್ಪತ್ರೆಯವರು ಕೊಟ್ಟ ಚೀಟಿಯಲ್ಲಿ ಮಾತ್ರೆಗಳ ಪಟ್ಟಿ ಮುಗಿದ ಮೇಲೆ 'ರಿಹ್ಯಾಬಿಲಿಟೇಷನ್' ಎಂದು ಬರೆದು ಅಡಿಯಲ್ಲಿ ಎರಡು ಗೆರೆ ಎಳೆದಿದ್ದರು. ಹಾಗೆಂದರೇನು ಎಂದು ಚಿಕ್ಕಪ್ಪ ಕೇಳಿದರು. ನಾನು ನಿಘಂಟು ನುಂಗಿದವನಂತೆ 'ಪುನರ್ವಸತಿ' ಎಂದೆ.

"ಪುನರ್ವಸತಿಯೇ? ಈಗ ನಮ್ಮದು ಏನು ಮುಳುಗಿತು ಮಾರಾಯ?"

ಹೊಸನಗರ ತಾಲ್ಲೂಕಿನವರು ಹೀಗೆ ಕೇಳಿದ್ದರಲ್ಲಿ ತಮಾಷೆಗಿಂತ ನೆನಪೇ ಹೆಚ್ಚು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಗದ್ದೆ ತೋಟಗಳ ಮೇಲೆ ಏರಿದಂದಿನಿಂದ ನಮ್ಮ ಕಡೆ ಪುನರ್ವಸತಿ ಎಂದರೆ ಮುಳುಗಡೆ ಸಂತ್ರಸ್ತರು, ಲಾರಿಯಲ್ಲಿ ಹೇರಿದ ಪಾತ್ರೆಪಗಡ, ಕಾಡಿನ ನಡುವೆ ತೋರಿಸಿದ ಜಾಗ, ಬಾರದ ಹಕ್ಕುಪತ್ರ. ಇದರ ಬದಲು ಪುನಶ್ಚೇತನ ಎನ್ನೋಣವೆಂದರೆ ಅದನ್ನು ಜಿಲ್ಲೆಯ ಪತ್ರಿಕೆಗಳು ಭದ್ರಾವತಿಯ ಕಾರ್ಖಾನೆಗಳಿಗೆ ಬರೆದುಕೊಟ್ಟಾಗಿದೆ. ಎರಡೂ ನಮ್ಮಲ್ಲಿ ಭರವಸೆಯ ಪದಗಳು, ಎರಡಕ್ಕೂ ಅರ್ಜಿ ಹಿಡಿದು ಕಾಯುವ ಅಭ್ಯಾಸ ಅಂಟಿಕೊಂಡಿದೆ. ಭುಜದ ವಿಷಯದಲ್ಲಿ ಅದೇ ಅಪಾಯ: ಯಾರೋ ತಂದು ಕೊಡುತ್ತಾರೆ ಎಂದು ಕಾಯುತ್ತಾ ಕುಳಿತರೆ ಕೀಲು ಹಾಗೆಯೇ ಬಿಗಿದುಕೊಂಡುಬಿಡುತ್ತದೆ.

ಇಂಗ್ಲಿಷ್ ಪದದ ಬೇರು ಲ್ಯಾಟಿನ್ನಿನಲ್ಲಿದೆ. 'ಹ್ಯಾಬಿಲಿಸ್' ಎಂದರೆ ತಕ್ಕದ್ದು, ಕೆಲಸಕ್ಕೆ ಒದಗುವಂಥದ್ದು. ಅದರ ಮೊದಲಿಗೆ 'ಮತ್ತೆ' ಎಂಬ ಅರ್ಥದ 'ರಿ' ಸೇರಿದೆ. ಅಂದರೆ ಮತ್ತೆ ಕೆಲಸಕ್ಕೆ ಒದಗುವಂತೆ ಮಾಡುವುದು. ಮೂಲದಲ್ಲಿ ಮನೆಯೂ ಇಲ್ಲ, ಚೇತನವೂ ಇಲ್ಲ. ಮೊದಲನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರನ್ನು ಮತ್ತೆ ದುಡಿಮೆಗೆ ಒಗ್ಗಿಸಬೇಕಾಗಿ ಬಂದಾಗ ಪದ ವೈದ್ಯಕೀಯದಲ್ಲಿ ಬೇರು ಬಿಟ್ಟಿತು. ನಾವು ಕನ್ನಡಿಗರು ಆಡುಮಾತಿನಲ್ಲಿ ಇದನ್ನೆಲ್ಲ 'ಫಿಸಿಯೋ' ಎಂಬ ಒಂದೇ ಪದದಲ್ಲಿ ಮುಗಿಸುತ್ತೇವೆ. ಆದರೆ ಫಿಸಿಯೋಥೆರಪಿ ಪುನರ್ವಸತಿಯ ಒಂದು ಭಾಗ, ಅದರ ದೊಡ್ಡ ಭಾಗ. ನಿದ್ದೆ, ನೋವಿನ ಹತೋಟಿ, ಸ್ನಾನ, ಬಟ್ಟೆ, ಕೊನೆಗೆ ತೋಟದ ಕೆಲಸಕ್ಕೆ ಮರಳುವುದು, ಎಲ್ಲವೂ ಅದರೊಳಗೇ ಬರುತ್ತವೆ.

ನನ್ನನ್ನು ಕೇಳಿದರೆ ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ಮಾತೊಂದು ಇದೆ: ಪಳಗಿಸುವುದು. ಅಡುಗೆಯಲ್ಲಿ ಪಳಗಿದ ಕೈ, ಕತ್ತಿ ಹಿಡಿದು ಪಳಗಿದ ಕೈ ಎನ್ನುತ್ತೇವಲ್ಲ, ಅದೇ. ಪೆಟ್ಟು ತಿಂದ ಭುಜ ಎಷ್ಟು ಪಳಗಿದ್ದರೂ ಶಸ್ತ್ರಚಿಕಿತ್ಸೆಯ ಮಾರನೆಯ ದಿನ ಕಾಡಿನಿಂದ ಹಿಡಿದು ತಂದ ಆನೆಯಂತೆ ಹೊಸದಾಗಿಬಿಡುತ್ತದೆ. ಸಕ್ರೆಬೈಲಿನ ಆನೆ ಬಿಡಾರದಲ್ಲಿ ಅಂಥ ಆನೆಯನ್ನು ಮೊದಲು ಕ್ರಾಲ್ ಎಂಬ ಮರದ ದಿಮ್ಮಿಗಳ ದೊಡ್ಡಿಯಲ್ಲಿ ಇಡುತ್ತಾರೆ, ಆಮೇಲೆ ನಿಧಾನವಾಗಿ ಹೊರಗೆ ಬಿಡುತ್ತಾರೆ. ಭುಜದ ಕ್ರಾಲ್ ಎಂದರೆ ಕೊರಳಿಗೆ ತೂಗುಬೀಳುವ ಆ ಪಟ್ಟಿ. ಜನರ ಬಾಯಲ್ಲಿ ಅದು ಬೆಲ್ಟು.

ಬೆಲ್ಟು ಏಕೆ ಬೇಕು ಎನ್ನುವುದಕ್ಕೆ ಒಳಗೆ ನಡೆದದ್ದೇನು ಎಂದು ತಿಳಿಯಬೇಕು. ಭುಜದ ಕೀಲಿನಲ್ಲಿ ತೋಳಿನ ಮೂಳೆಯ ದುಂಡನೆಯ ತಲೆ ದೊಡ್ಡದು, ಅದನ್ನು ಹಿಡಿಯುವ ಗುಳಿ ಚಿಕ್ಕದು, ಆಳವೂ ಇಲ್ಲ. ನಿಂಬೆಹಣ್ಣನ್ನು ಬಟ್ಟಲಲ್ಲಿ ಇಡದೆ ಹಣತೆಯಲ್ಲಿ ಕೂರಿಸಿದ ಹಾಗೆ. ಅದಕ್ಕೇ ಮೈಯಲ್ಲಿ ಬೇರಾವ ಕೀಲೂ ಆಡದಷ್ಟು ಸಲೀಸಾಗಿ ಭುಜ ಆಡುತ್ತದೆ, ಅದಕ್ಕೇ ಬೇಗ ಜಾರುತ್ತದೆ ಕೂಡ. ಆ ನಿಂಬೆಹಣ್ಣು ಉರುಳದಂತೆ ನಾಲ್ಕು ಸ್ನಾಯುಗಳು ಸುತ್ತಲಿನಿಂದ ಹಿಡಿದಿರುತ್ತವೆ. ಅವುಗಳ ತುದಿಯ ರಜ್ಜುಗಳು ಒಟ್ಟುಗೂಡಿ ಮೂಳೆಯನ್ನು ಅಂಗಿಯ ತೋಳಿನ ಪಟ್ಟಿಯಂತೆ ಸುತ್ತುವರಿಯುವುದರಿಂದ ಇದಕ್ಕೆ ರೊಟೇಟರ್ ಕಫ್ ಎಂದು ಹೆಸರು. ಚಿಕ್ಕಪ್ಪನಿಗೆ ಹರಿದದ್ದು ಇದೇ. ಸಣ್ಣ ರಂಧ್ರಗಳ ಮೂಲಕ ಒಳಹೊಕ್ಕು, ಮೂಳೆಗೆ ಆ್ಯಂಕರ್ ಎಂಬ ಪುಟ್ಟ ಮೊಳೆ ಕೂರಿಸಿ, ಹರಿದ ರಜ್ಜುವನ್ನು ಅದರ ದಾರದಿಂದ ಎಳೆದು ಕಟ್ಟಿದ್ದರು.

ಇಲ್ಲಿಯೇ ಎಲ್ಲರೂ ತಪ್ಪು ತಿಳಿಯುವುದು. ಕಟ್ಟಿದ್ದು ಅಂಟಿಕೊಂಡಿತು ಎಂದೇ ಭಾವಿಸುತ್ತೇವೆ. ಕಾಳುಮೆಣಸಿನ ಬಳ್ಳಿಯನ್ನು ಅಡಿಕೆ ಮರಕ್ಕೆ ಬಳ್ಳಿನಾರಿನಿಂದ ಕಟ್ಟಿದ ದಿನವೇ ಅದು ಮರ ಹಿಡಿಯಿತು ಎಂದು ಯಾವ ತೋಟಗಾರನೂ ಹೇಳುವುದಿಲ್ಲ. ಬಳ್ಳಿ ತನ್ನ ಗಿಣ್ಣಿನಿಂದ ಬೇರು ಬಿಟ್ಟು ತೊಗಟೆಯನ್ನು ಕಚ್ಚಬೇಕು, ಅಲ್ಲಿಯವರೆಗೆ ನಾರು ಆಸರೆ ಮಾತ್ರ. ಶಸ್ತ್ರವೈದ್ಯರ ದಾರವೂ ಆ ನಾರು. ರಜ್ಜು ಮೂಳೆಯನ್ನು ಕಚ್ಚಲು ಮೊದಲ 6 ವಾರ ತೀರ ನಾಜೂಕಿನ ಕಾಲ. ಸುಮಾರು 12 ವಾರಗಳ ಹೊತ್ತಿಗೆ ಒಂದಿಷ್ಟು ಎಳೆತ ತಡೆಯುವಷ್ಟು ಗಟ್ಟಿಯಾಗುತ್ತದೆ. ಭಾರದ ಕೆಲಸಕ್ಕೆ 6 ತಿಂಗಳು ಬೇಕು, ಪೂರ್ತಿ ಹದಕ್ಕೆ ಬರಲು ಕೆಲವರಿಗೆ ಒಂದು ವರ್ಷ.

ಹಾಗಾದರೆ ಅಷ್ಟೂ ದಿನ ಕಟ್ಟಿಟ್ಟುಕೊಂಡೇ ಇರಬಹುದಲ್ಲ? ಇರಬಾರದು, ಪುನರ್ವಸತಿಯ ಇಕ್ಕಟ್ಟೆಲ್ಲ ಇಲ್ಲೇ ಇದೆ. ಆಡದ ಕೀಲಿನ ಸುತ್ತಲಿನ ಚೀಲ ಕುಗ್ಗಿ ಬಿಗಿಯುತ್ತದೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಈ ಬಿಗಿತದ ಕಾಟ ಇನ್ನೂ ಹೆಚ್ಚು. ಆಡಿಸಿದರೆ ಹೊಲಿಗೆ ಬಿಡುವ ಭಯ, ಆಡಿಸದಿದ್ದರೆ ಭುಜ ಮರಗಟ್ಟುವ ಭಯ. ಬೇಗ ಆಡಿಸಲು ಶುರುಮಾಡಿದವರಿಗೆ ಕೈ ಬೇಗ ಸಡಿಲವಾಗುತ್ತದೆ ನಿಜ, ಆದರೆ ಹರಿದ ಭಾಗ ದೊಡ್ಡದಾಗಿದ್ದರೆ ಆ ಅವಸರ ಒಳ್ಳೆಯದಲ್ಲ. ಯಾರಿಗೆ ಯಾವಾಗ ಎಂಬುದನ್ನು ಒಳಗೆ ಕಣ್ಣಾರೆ ಕಂಡ ಶಸ್ತ್ರವೈದ್ಯರೇ ಹೇಳಬೇಕು. ಕೀಲು ಜಾರುವುದನ್ನು ತಡೆಯಲು ಮಾಡಿದ ಶಸ್ತ್ರಚಿಕಿತ್ಸೆಗೆ ಒಂದು ಕ್ರಮ, ಮುರಿದ ಮೂಳೆಗೆ ಇನ್ನೊಂದು, ಕೃತಕ ಕೀಲಿಗೆ ಮತ್ತೊಂದು. ಪಕ್ಕದ ಮನೆಯವರ ವ್ಯಾಯಾಮದ ಹಾಳೆಯನ್ನು ಮೊಬೈಲಿನಲ್ಲಿ ತರಿಸಿಕೊಂಡು ಮಾಡುವುದು ಅವರ ಕನ್ನಡಕ ಹಾಕಿಕೊಂಡು ಓದಿದಂತೆ.

ಇಕ್ಕಟ್ಟಿಗೆ ದಾರಿ ಮೂರು ಪದಗಳಲ್ಲಿದೆ: ಪರಚಲನೆ, ನೆರವಿನ ಚಲನೆ, ಸ್ವಚಲನೆ. ಅಚ್ಚಕನ್ನಡದಲ್ಲಿ ಹೇಳಿದರೆ ಕೈ ಆಡುತ್ತದೆ ಆದರೆ ನೀವು ಆಡಿಸುತ್ತಿಲ್ಲ, ಕೈಯನ್ನು ಇನ್ನೊಂದು ಕೈ ಆಡಿಸುತ್ತದೆ, ಕೈ ತಾನೇ ಆಡುತ್ತದೆ. ಮೊದಲನೆಯದು ಅರ್ಥವಾಗಲು ಚಿಕ್ಕಪ್ಪನಿಗೆ ಒಂದು ವಾರ ಬೇಕಾಯಿತು. ಮೇಜಿನ ಮೇಲೆ ಎಡಗೈ ಊರಿ, ಸೊಂಟ ಬಾಗಿಸಿ, ಬಲಗೈಯನ್ನು ಇಳಿಬಿಟ್ಟು ತೂಗಬೇಕು. ಇದಕ್ಕೆ ಲೋಲಕದ ವ್ಯಾಯಾಮ ಎನ್ನಬಹುದು. ಬಾಸ್ಟನ್ನಿನ ಶಸ್ತ್ರವೈದ್ಯ ಕಾಡ್‌ಮನ್ ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಬಳಕೆಗೆ ತಂದದ್ದು, ಇವತ್ತಿಗೂ ಅವರ ಹೆಸರಿನಲ್ಲೇ ಇದೆ. ಚಿಕ್ಕಪ್ಪ ಮಾತ್ರ ಬತ್ತ ಬಡಿಯುವವರಂತೆ ಕೈ ಬೀಸತೊಡಗಿದರು. ಫಿಸಿಯೋಥೆರಪಿಯ ಹುಡುಗಿ ಓಡಿ ಬಂದಳು.

"ಗೌಡರೇ, ಕೈಯನ್ನು ನೀವು ಆಡಿಸಬೇಡಿ. ಸೊಂಟ ಆಡಲಿ, ಕೈ ಸುಮ್ಮನೆ ಜೋತಾಡಲಿ."

"ಹಸುವಿನ ಬಾಲದ ಹಾಗೆಯೇ, ಮಗಳೇ?"

"ಬಾಲವನ್ನು ಹಸುವೇ ಆಡಿಸುತ್ತದೆ. ಇದು ಬಾಲವಲ್ಲ, ಅದರ ಕೊರಳಗಂಟೆ."

ಯಾವ ಪಠ್ಯದಲ್ಲೂ ಪರಚಲನೆಗೆ ಇಷ್ಟು ಒಳ್ಳೆಯ ವ್ಯಾಖ್ಯಾನವನ್ನು ನಾನು ಕಂಡಿಲ್ಲ. ಗಂಟೆಗೆ ತನ್ನದೇ ಸ್ನಾಯು ಇಲ್ಲ, ಕೊರಳು ಆಡಿದರೆ ಅದೂ ಆಡುತ್ತದೆ. ಹೊಲಿದ ಸ್ನಾಯುವಿಗೆ ಕೆಲಸ ಕೊಡದೆ ಕೀಲನ್ನು ಮಾತ್ರ ಆಡಿಸುವ ಉಪಾಯ ಅದು. ಮೊಣಕೈ, ಮಣಿಕಟ್ಟು, ಬೆರಳುಗಳಿಗೆ ಈ ನಿರ್ಬಂಧವಿಲ್ಲ. ವೈದ್ಯರು ಬೇಡ ಎನ್ನದಿದ್ದರೆ ಅವನ್ನು ಮೊದಲ ದಿನದಿಂದಲೇ ಆಡಿಸಬೇಕು, ಇಲ್ಲವಾದರೆ ಭುಜದ ಜೊತೆಗೆ ಅವೂ ಮುನಿಸಿಕೊಳ್ಳುತ್ತವೆ.

ಎರಡನೆಯ ಹಂತದ ಯಂತ್ರ ನಮ್ಮ ಬಾವಿಕಟ್ಟೆಯಲ್ಲೇ ಇದೆ. ಮೇಲೊಂದು ರಾಟೆ, ಅದರಲ್ಲಿ ಹಗ್ಗ, ಎರಡು ತುದಿಗೆ ಎರಡು ಹಿಡಿ. ಸರಿಯಿರುವ ಕೈ ಕೆಳಗೆ ಜಗ್ಗಿದರೆ ಇನ್ನೊಂದು ಕೈ ಮೇಲೇರುತ್ತದೆ. ಹೊಸನಗರದಿಂದ ರಿಪ್ಪನ್‌ಪೇಟೆ, ಆಯನೂರು ದಾಟಿ ಶಿವಮೊಗ್ಗಕ್ಕೆ ವಾರಕ್ಕೆ ಎರಡು ಸಲ ಬಸ್ಸಿನಲ್ಲಿ ಹೋಗಿಬರುವುದು ಆ ಮಳೆಯಲ್ಲಿ ಆಗದ ಮಾತು. ಹುಡುಗಿ ಅದನ್ನು ಅರ್ಥಮಾಡಿಕೊಂಡು, ಕ್ರಮ ಕಲಿಸಿ, ಹದಿನೈದು ದಿನಕ್ಕೊಮ್ಮೆ ಬಂದರೆ ಸಾಕೆಂದಳು. ಜಗಲಿಯ ತೊಲೆಗೆ ಹಳೆಯ ರಾಟೆ ಬಿಗಿದೆವು. ದಿನಕ್ಕೆ ಮೂರು ಹೊತ್ತು ಅದರ ಕಿರ್ ಕಿರ್ ಸದ್ದು. ಚಿಕ್ಕಮ್ಮನಿಗೆ ಅದೇ ಗಡಿಯಾರವಾಯಿತು.

ಆಮೇಲೆ ಗೋಡೆ. ಗೋಡೆಗೆ ಮುಖಮಾಡಿ ನಿಂತು ಬೆರಳುಗಳನ್ನು ಜೇಡದಂತೆ ಮೇಲಕ್ಕೆ ನಡೆಸುವುದು, ತಲುಪಿದಲ್ಲಿ ಇದ್ದಿಲಿನಿಂದ ಒಂದು ಗೆರೆ. ಇಲ್ಲಿ ಒಂದು ಮೋಸವೂ ನಡೆಯುತ್ತದೆ. ಕೈಯನ್ನು ನೆಟ್ಟಗೆ ತಲೆಯ ಮೇಲಕ್ಕೆ, ಅಂದರೆ 180 ಡಿಗ್ರಿ ಎತ್ತುವಾಗ ಸುಮಾರು 120 ಡಿಗ್ರಿ ಕೀಲಿನದು, 60 ಡಿಗ್ರಿ ಬೆನ್ನ ಮೇಲಿನ ಹೆಗಲ ಹಲಗೆಯದು. ಎರಡೂ ಒಂದು ಲಯದಲ್ಲಿ ಏಳಬೇಕು. ಕೀಲು ಬಿಗಿದಾಗ ಹಲಗೆ ತನ್ನ ಪಾಲಿಗಿಂತ ಹೆಚ್ಚು ಏಳುತ್ತದೆ, ಹೆಗಲು ಕಿವಿಗೆ ತಾಗುತ್ತದೆ, ಗೆರೆ ಮೇಲೇರುತ್ತದೆ, ನಾವು ಹಿಗ್ಗುತ್ತೇವೆ. ಚಿಕ್ಕಪ್ಪ ಒಂದೇ ವಾರದಲ್ಲಿ ನಾಲ್ಕು ಬೆರಳು ಏರಿಸಿದ್ದನ್ನು ಹುಡುಗಿ ಹಿಂದೆ ನಿಂತು ಹೆಗಲ ಮೇಲೆ ಕೈಯಿಟ್ಟು ಪರೀಕ್ಷಿಸಿದಳು. ಎರಡು ಬೆರಳು ವಾಪಸ್ಸು ಹೋಯಿತು.

ದಿನಚರಿಯ ಮಾತು ಚಿಕ್ಕದಾದರೂ ತೊಡಕೆಲ್ಲ ಅಲ್ಲೇ. ಅಂಗಿ ತೊಡುವಾಗ ಮೊದಲು ನೋವಿನ ಕೈ, ಬಿಚ್ಚುವಾಗ ಕೊನೆಗೆ ನೋವಿನ ಕೈ. ಮುಂಗುಂಡಿಯ ಅಂಗಿಯೇ ಆಗಬೇಕು. ರಾತ್ರಿ ಚಪ್ಪಟೆ ಮಲಗಿದರೆ ಭುಜ ಎಳೆಯುತ್ತದೆ, ಆರಾಮ ಕುರ್ಚಿಯಲ್ಲೋ ದಿಂಬು ಒಟ್ಟಿಕೊಂಡೋ ಅರೆ ಒರಗಿದರೆ ನಿದ್ದೆ ಬರುತ್ತದೆ. ನಮ್ಮ ಮಳೆಗಾಲದಲ್ಲಿ ಬೆಲ್ಟಿನೊಳಗೆ ಕಂಕುಳು ಬೆವೆತು ಹುಣ್ಣಾಗುವುದು ಇನ್ನೊಂದು ಗೋಳು. ಕೈಯನ್ನು ಇಳಿಬಿಟ್ಟು ಬಾಗಿ, ಒಣ ಬಟ್ಟೆಯಿಂದ ಒರೆಸಿ ಆರಿಸಬೇಕು. ಇನ್ನು ಎಣ್ಣೆ. ಊರಿನ ಹಿರಿಯರೊಬ್ಬರು ಬಿಸಿ ಎಣ್ಣೆ ಹಾಕಿ ತಿಕ್ಕಿದರೆ ನರ ಸಡಿಲುತ್ತದೆ ಎಂದು ಬಾಟಲಿಯನ್ನೇ ತಂದರು. ಎಣ್ಣೆಯ ಮೇಲೆ ನನಗೆ ದ್ವೇಷವಿಲ್ಲ, ಆದರೆ ಹೊಲಿದು ಮೂರು ವಾರವಾದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ತಿಕ್ಕುವುದು ಆಗತಾನೇ ಕಟ್ಟಿದ ಮೆಣಸಿನ ಬಳ್ಳಿಯನ್ನು ಜಗ್ಗಿ ನೋಡಿದ ಹಾಗೆ. ಬಾಟಲಿಯನ್ನು ಚಿಕ್ಕಮ್ಮ ತನ್ನ ಮಂಡಿಗೆ ಇಟ್ಟುಕೊಂಡರು.

ವ್ಯಾಯಾಮ ಮಾಡುವಾಗ ಸ್ವಲ್ಪ ನೋವು, ಎಳೆತ ಇರುವುದೇ. ತುಸು ಹೊತ್ತಿನಲ್ಲಿ ಇಳಿದರೆ ಚಿಂತೆಯಿಲ್ಲ. ರಾತ್ರಿಯಿಡೀ ಕಾಡಿದರೆ ಮಾರನೆಯ ದಿನ ಕಡಿಮೆ ಮಾಡಬೇಕು. ಜ್ವರ, ಗಾಯ ಕೆಂಪಾಗಿ ಒಸರುವುದು, ಕೈ ಜೋಮು ಹಿಡಿದು ಬಿಡದಿರುವುದು, 'ಟಕ್' ಎಂದು ಏನೋ ಕಿತ್ತಂತಾಗಿ ಕೈ ಸೋತುಹೋಗುವುದು, ಎದೆನೋವು ಅಥವಾ ಉಸಿರು ಕಟ್ಟುವುದು, ಇವಕ್ಕೆ ಮಾತ್ರ ಹದಿನೈದು ದಿನ ಕಾಯದೆ ಆಗಲೇ ಆಸ್ಪತ್ರೆ.

ಗುಣವಾಯಿತು ಎಂದು ಯಾವಾಗ ಹೇಳುವುದು? ವೈದ್ಯರು ಡಿಗ್ರಿಗಳಲ್ಲಿ ಅಳೆಯುತ್ತಾರೆ, ಮನೆಯವರ ಅಳತೆ ಬೇರೆ. ತುರುಬು ಕಟ್ಟಲು ಎರಡೂ ಕೈ ತಲೆಯ ಹಿಂದೆ ಹೋಗಬೇಕು. ರವಿಕೆಯ ಹಿಂಬದಿಯ ಕೊಕ್ಕೆಗೆ ಕೈ ಬೆನ್ನ ಹಿಂದೆ ತಿರುಗಬೇಕು, ಇದು ಸಾಮಾನ್ಯವಾಗಿ ತೀರ ತಡವಾಗಿ ಮರಳುವ ಚಲನೆ. ಮಜ್ಜಿಗೆ ಕಡೆಯುವುದು, ಹಂಡೆ ಇಳಿಸುವುದು, ಓಡುವ ಬಸ್ಸಿನಲ್ಲಿ ಮೇಲಿನ ಸರಳು ಹಿಡಿದು ನಿಲ್ಲುವುದು, ಒಂದೊಂದೂ ಒಂದೊಂದು ಪರೀಕ್ಷೆ. ಕುಳಿತು ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವುದು ಭುಜದ ಮಟ್ಟಿಗೆ ಹಗುರ, ಚಿಕ್ಕಪ್ಪನಿಗೆ ಅದಕ್ಕೆ ಮೊದಲು ಅನುಮತಿ ಸಿಕ್ಕಿತು. ಉದ್ದನೆಯ ದೋಟಿ ಎತ್ತಿ ಅಡಿಕೆ ಕೊನೆ ಇಳಿಸುವುದಕ್ಕೆ ಆ ಸಲದ ಕೊಯ್ಲಿನಲ್ಲಿ ಸಿಗಲಿಲ್ಲ. ಮರದಡಿ ಸ್ಟೂಲು ಹಾಕಿಕೊಂಡು ಕುಳಿತು ದೋಟಿ ಹಿಡಿದವನಿಗೆ ಬೆಳಗಿನಿಂದ ಸಂಜೆಯವರೆಗೆ ಬುದ್ಧಿ ಹೇಳಿದರು. ಅವನಿಗಂತೂ ಚಿಕ್ಕಪ್ಪ ಬೇಗ ಗುಣವಾಗಲಿ ಎನಿಸಿರಬೇಕು.

ದೀಪಾವಳಿಗೆ ಮುಂಚೆ, ಶಸ್ತ್ರಚಿಕಿತ್ಸೆಯಾಗಿ ಹದಿನಾಲ್ಕು ವಾರವಾಗಿದ್ದಾಗ, ಸುಣ್ಣ ಬಳಿಯುವವರು ಬಂದರು. ಜಗಲಿಯ ಗೋಡೆಯ ಇದ್ದಿಲಿನ ಗೆರೆಗಳನ್ನು ಕಂಡು, ಮೊದಲು ಇದನ್ನು ಉಜ್ಜಿ ತೆಗೆಯಬೇಕು ಎಂದು ಒಬ್ಬ ಬ್ರಷ್ ಎತ್ತಿದ. ಚಿಕ್ಕಪ್ಪ ಒಳಗಿನಿಂದಲೇ ಕೂಗಿದರು: "ಆ ಗೋಡೆ ಬಿಡು. ಇನ್ನೂ ಮೂರು ಬೆರಳು ಬಾಕಿ ಇದೆ."