ಮನೆ ಸೋರುತ್ತಿದೆ, ಮಾಲೀಕರು ರಿಪೇರಿ ಮಾಡಿಸುತ್ತಿಲ್ಲ: ಬಾಡಿಗೆ ನಿಲ್ಲಿಸಬಹುದೇ?

ಪ್ರಶ್ನೆ: ಬೆಂಗಳೂರಿನಲ್ಲಿ ತಿಂಗಳಿಗೆ 18,000 ರೂಪಾಯಿ ಬಾಡಿಗೆಯ ಮನೆಯಲ್ಲಿದ್ದೇವೆ. ಕಳೆದ ಮಳೆಗಾಲದಿಂದ ತಾರಸಿಯ ನೀರು ಮಲಗುವ ಕೋಣೆಗೆ ಸೋರುತ್ತಿದೆ, ಗೋಡೆಯ ಗಾರೆ ಉದುರುತ್ತಿದೆ, ಒಂದು ಸ್ವಿಚ್‌ಬೋರ್ಡ್ ಮುಟ್ಟಿದರೆ ಶಾಕ್ ಹೊಡೆಯುತ್ತದೆ. ಮಾಲೀಕರಿಗೆ ಎಷ್ಟು ಸಲ ಫೋನ್ ಮಾಡಿದರೂ ‘ಮಾಡಿಸೋಣ’ ಎನ್ನುತ್ತಾರೆ. ರಿಪೇರಿ ಆಗುವವರೆಗೆ ಬಾಡಿಗೆ ಕೊಡುವುದನ್ನು ನಿಲ್ಲಿಸಬಹುದೇ?

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ಪೂರ್ತಿ ಬಾಡಿಗೆ ತಡೆಹಿಡಿದ ದಿನದಿಂದ ತಪ್ಪು ಮಾಲೀಕರ ಕಡೆಯಿಂದ ನಿಮ್ಮ ಕಡೆಗೆ ವಾಲುತ್ತದೆ. ಮುಂದೆ ವ್ಯಾಜ್ಯವಾದರೆ ಸೋರುವ ತಾರಸಿಗಿಂತ ಮೊದಲು ಬಾಕಿ ಬಾಡಿಗೆಯ ಮಾತೇ ಬರುತ್ತದೆ. ಇನ್ನು ಆ ಸ್ವಿಚ್‌ಬೋರ್ಡ್ ಯಾವ ನೋಟಿಸಿಗೂ ಕಾಯುವಂಥದ್ದಲ್ಲ. ಇಂದೇ ಆ ಲೈನಿನ ವಿದ್ಯುತ್ ಕಡಿತಗೊಳಿಸಿ ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ರಸೀದಿ ಇಟ್ಟುಕೊಳ್ಳಿ.

ನಿಮ್ಮ ಮನೆಗೆ ಅನ್ವಯಿಸುವ ಕಾನೂನು ಯಾವುದೆಂಬುದು ಮೊದಲ ವಿಷಯ. ಬಾಡಿಗೆದಾರರೆಲ್ಲರಿಗೂ 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ಇದೆಯೆಂದು ಅನೇಕರು ನಂಬಿದ್ದಾರೆ. ಆದರೆ ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಇತರ ಕಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಹಾಗಾಗಿ ನಿಮ್ಮ ಸಂಬಂಧವನ್ನು ನಿರ್ಧರಿಸುವುದು ನಿಮ್ಮ ಕರಾರು ಪತ್ರ ಮತ್ತು 1882ರ ಆಸ್ತಿ ವರ್ಗಾವಣೆ ಕಾಯ್ದೆ.

ಆ ಹಳೆಯ ಕಾಯ್ದೆಯ 108ನೇ ಕಲಮಿನ ಎಫ್ ಖಂಡ ನಿಮಗೆ ಮುಖ್ಯ. ಮಾಲೀಕರು ತಾವು ಮಾಡಿಸಲು ಬದ್ಧರಾಗಿರುವ ರಿಪೇರಿಯನ್ನು, ತಿಳಿವಳಿಕೆ ಕೊಟ್ಟ ನಂತರವೂ ಸಮಂಜಸವಾದ ಅವಧಿಯೊಳಗೆ ಮಾಡಿಸದಿದ್ದರೆ, ಬಾಡಿಗೆದಾರರು ತಾವೇ ಅದನ್ನು ಮಾಡಿಸಿ, ಖರ್ಚನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು ಅಥವಾ ಬೇರೆ ರೀತಿಯಲ್ಲಿ ವಸೂಲು ಮಾಡಬಹುದು ಎಂದು ಅದು ಹೇಳುತ್ತದೆ. ಇಲ್ಲಿ ‘ಬದ್ಧರಾಗಿರುವ’ ಎಂಬ ಪದದ ಮೇಲೆ ಬೆರಳಿಟ್ಟು ಓದಬೇಕು. ಈ ಖಂಡ ರಿಪೇರಿಯ ಹೊಣೆಯನ್ನು ತಾನಾಗಿ ಮಾಲೀಕರ ಮೇಲೆ ಹೊರಿಸುವುದಿಲ್ಲ. ಆ ಹೊಣೆ ಕರಾರಿನಿಂದಲೋ ಬೇರೆ ಕಾನೂನಿನಿಂದಲೋ ಬರಬೇಕು. ನಮ್ಮಲ್ಲಿ ಸ್ಟಾಂಪ್ ಪೇಪರಿನ ಮೇಲೆ ಟೈಪ್ ಮಾಡಿಸುವ ಹನ್ನೊಂದು ತಿಂಗಳ ಕರಾರುಗಳಲ್ಲಿ, ಮನೆ ಬಿಡುವಾಗ ಬಣ್ಣ ಬಳಿಸಲು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ಷರತ್ತು ಸಾಮಾನ್ಯವಾಗಿ ಇರುತ್ತದೆ, ತಾರಸಿ, ಪೈಪು, ವೈರಿಂಗ್ ಯಾರ ಹೊಣೆ ಎಂಬ ಸಾಲು ಎಷ್ಟೋ ಕಡೆ ಇರುವುದೇ ಇಲ್ಲ. ಈ ಮೌನದಿಂದ ನಷ್ಟವಾಗುವುದು ಬಾಡಿಗೆದಾರರಿಗೆ ಎಂಬುದು ನನಗೆ ನಿಜವಾಗಿಯೂ ಬೇಸರ ತರುವ ಸಂಗತಿ.

ಕರಾರಿನಲ್ಲಿ ಆ ಸಾಲು ಇದ್ದರೆ ದಾರಿ ಸುಲಭ. ಇಲ್ಲದಿದ್ದರೆ ಮಾಲೀಕರ ಒಪ್ಪಿಗೆಯನ್ನು ಈಗಲಾದರೂ ಬರಹಕ್ಕೆ ತನ್ನಿ. ‘ಮಾಡಿಸೋಣ’ ಎಂದು ಅವರು ಫೋನಿನಲ್ಲಿ ಹೇಳಿದ್ದನ್ನೇ ವಾಟ್ಸ್ಆ್ಯಪ್‌ನಲ್ಲಿ ನೆನಪಿಸಿ ಉತ್ತರ ಪಡೆಯಿರಿ. ‘ಸರಿ, ನೀವೇ ಮಾಡಿಸಿ, ಬಾಡಿಗೆಯಲ್ಲಿ ಹಿಡಿದುಕೊಳ್ಳಿ’ ಎಂಬ ಒಂದು ಸಾಲಿನ ಉತ್ತರ ನಿಮ್ಮನ್ನು ಬಹಳಷ್ಟು ತೊಂದರೆಯಿಂದ ಪಾರುಮಾಡುತ್ತದೆ. ಅದರ ಜೊತೆಗೆ, ಎಲ್ಲಿ ಏನು ಹಾಳಾಗಿದೆ, ಎಂದಿನಿಂದ, ಎಷ್ಟು ದಿನದೊಳಗೆ ಸರಿಪಡಿಸಬೇಕು ಎಂಬುದನ್ನು ಬರೆದು, ದಿನಾಂಕವಿರುವ ಫೋಟೋಗಳೊಂದಿಗೆ, ತಲುಪಿದ್ದಕ್ಕೆ ಪುರಾವೆ ಸಿಗುವಂತೆ ಅಂಚೆಯಲ್ಲಿ ಕಳುಹಿಸಿ. ಸಮಂಜಸವಾದ ಅವಧಿ ಎಂದರೆ ಇಷ್ಟೇ ದಿನ ಎಂದು ಕಾಯ್ದೆ ಹೇಳಿಲ್ಲ. ತಾರಸಿಯ ಕೆಲಸಕ್ಕೆ ಎರಡು ಮೂರು ವಾರ ಕೊಡುವುದು ನ್ಯಾಯವೆಂದು ನನ್ನ ಅಭಿಪ್ರಾಯ.

ಅವಧಿ ಮುಗಿದು ನೀವೇ ಮಾಡಿಸುವುದಾದರೆ ಇಬ್ಬರು ಕೆಲಸಗಾರರಿಂದ ಅಂದಾಜು ಪಡೆದು, ಅದನ್ನು ಮಾಲೀಕರಿಗೆ ಕಳುಹಿಸಿ, ಅಗತ್ಯವಿದ್ದಷ್ಟೇ ಕೆಲಸ ಮಾಡಿಸಿ. ಬಿಲ್ಲಿನ ಪ್ರತಿಯೊಂದಿಗೆ ಎಷ್ಟು ಕಳೆದಿದ್ದೀರಿ ಎಂಬ ಲೆಕ್ಕ ಕೊಟ್ಟು, ಉಳಿದ ಬಾಡಿಗೆಯನ್ನು ಎಂದಿನ ದಿನವೇ ಬ್ಯಾಂಕಿನ ಮೂಲಕ ಪಾವತಿಸಿ. ಕರಾರು ಮೌನವಾಗಿದ್ದು ಮಾಲೀಕರೂ ಒಪ್ಪದಿದ್ದರೆ, ದೊಡ್ಡ ಮೊತ್ತ ಕಳೆಯುವ ಮೊದಲು ವಕೀಲರೊಬ್ಬರಿಗೆ ಕರಾರು ತೋರಿಸಲೇಬೇಕು.

2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯನ್ನು ತೋರಿಸಿ ಹಲವರು ವಾದಿಸುತ್ತಾರೆ. ಕಟ್ಟಡದ ರಿಪೇರಿ, ಪೈಪು, ವೈರಿಂಗ್ ಮಾಲೀಕರದು, ನಲ್ಲಿಯ ವಾಷರ್, ಸ್ವಿಚ್ಚು, ಬೀಗ ಬಾಡಿಗೆದಾರರದು ಎಂದು ಅದು ಹಂಚುತ್ತದೆ. ಕಡಿತ ಯಾವ ತಿಂಗಳಲ್ಲೂ ಬಾಡಿಗೆಯ ಅರ್ಧ ಮೀರಬಾರದು ಎಂದೂ ಹೇಳುತ್ತದೆ. ಆದರೆ ರಾಜ್ಯ ಶಾಸನಸಭೆ ಅಂಗೀಕರಿಸುವವರೆಗೆ ಅದು ಮಾದರಿಯಷ್ಟೇ. ಹೊಸ ಕರಾರು ಬರೆಸುವಾಗ ಮಾತ್ರ ಆ ಪಟ್ಟಿಯನ್ನು ಧಾರಾಳವಾಗಿ ಬಳಸಿಕೊಳ್ಳಿ.

ಭೋಗ್ಯಕ್ಕೆ ಮನೆ ಹಿಡಿದವರ ಸ್ಥಿತಿ ಇನ್ನೂ ಕಷ್ಟದ್ದು. ಅವರಿಗೆ ಕಳೆದುಕೊಳ್ಳಲು ತಿಂಗಳ ಬಾಡಿಗೆಯೇ ಇಲ್ಲ. ಖರ್ಚನ್ನು ಕೇಳಿ ಪಡೆಯಬೇಕು ಅಥವಾ ಸಿವಿಲ್ ದಾವೆ ಹೂಡಬೇಕು. ಆದ್ದರಿಂದ ಅವರು ಲಿಖಿತ ಒಪ್ಪಿಗೆಯಿಲ್ಲದೆ ದೊಡ್ಡ ಕೆಲಸಕ್ಕೆ ಕೈಹಾಕಬಾರದು.

ಮನೆ ಬಿಡುವುದೂ ಒಂದು ಆಯ್ಕೆ. ಬೇರೆ ಷರತ್ತಿಲ್ಲದಿದ್ದರೆ ತಿಂಗಳ ಬಾಡಿಗೆಯನ್ನು 15 ದಿನಗಳ ನೋಟಿಸಿನಿಂದ ಕೊನೆಗೊಳಿಸಬಹುದು. ಆಗ ‘ಗೋಡೆ ಹಾಳಾಗಿದೆ’ ಎಂದು ಮುಂಗಡದಲ್ಲಿ ಹಣ ಹಿಡಿಯಲು ಬಂದರೆ, ಸಹಜ ಸವೆತಕ್ಕೆ ಬಾಡಿಗೆದಾರರು ಹೊಣೆಯಲ್ಲ ಎಂದು ಅದೇ 108ನೇ ಕಲಮು ಹೇಳುತ್ತದೆ. ಸೋರಿಕೆಯ ಫೋಟೋಗಳು, ಹಳೆಯ ನೋಟಿಸು ಆ ದಿನ ಕೆಲಸಕ್ಕೆ ಬರುತ್ತವೆ.

ದೂರು ಹೇಳಿದ್ದಕ್ಕೆ ಸಿಟ್ಟಾಗಿ ನೀರು, ವಿದ್ಯುತ್ ಕಡಿದರೆ ಸಿವಿಲ್ ನ್ಯಾಯಾಲಯದಿಂದ ತಡೆಯಾಜ್ಞೆ ಕೋರಬಹುದು. ಕಾನೂನು ಕ್ರಮವಿಲ್ಲದೆ ಬೀಗ ಹಾಕಿ ಹೊರಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಕೇಳಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ, ಸಹಾಯವಾಣಿಯ ಸಂಖ್ಯೆ 15100. ದಾವೆಗೆ ಮೊದಲೇ ಮಾಲೀಕರನ್ನು ಕರೆಸಿ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಸುವಂತೆಯೂ ಅಲ್ಲಿ ಅರ್ಜಿ ಕೊಡಬಹುದು. ನಿಮ್ಮಂಥ ಪ್ರಕರಣಕ್ಕೆ ನಾನು ಮೊದಲು ಸೂಚಿಸುವುದು ಅದನ್ನೇ.