ಕಾರ್ಟ್ರಿಜ್ 10 ಓಮ್ ಅಂತ ಲೋಡೂ 10 ಓಮ್ ಇಡಬೇಡಿ

ರೆಕಾರ್ಡ್ ಪ್ಲೇಯರಿನ ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವ ದುಬಾರಿ ಫೋನೋ ಪ್ರೀಆಂಪ್ ಕೊಳ್ಳಬೇಕು, ಯಾವುದು ಒಳ್ಳೆಯದು ಅಂತ ಕೇಳುವವರಿಗೆ ನಾನು ತಿರುಗಿ ಕೇಳುವುದು ಒಂದೇ. ನಿಮ್ಮ ಕಾರ್ಟ್ರಿಜ್, ಅಂದರೆ ಸೂಜಿಯ ಅಲುಗಾಟವನ್ನು ಸಿಗ್ನಲ್ ಮಾಡುವ ಪುಟ್ಟ ಭಾಗ, ಯಾವುದು? ಈ ಪ್ರಶ್ನೆಗೆ ಸುಮಾರು ಜನ ಬೇಸರ ಮಾಡಿಕೊಳ್ಳುತ್ತಾರೆ. ಅವರಿಗೆ ಪ್ರೀಆಂಪಿನ ಪೆಟ್ಟಿಗೆ ಎಷ್ಟು ದಪ್ಪದ ಅಲ್ಯೂಮಿನಿಯಂ, ಪವರ್ ಸಪ್ಲೈ ಬೇರೆ ಡಬ್ಬಿಯಲ್ಲಿದೆಯಾ, ಅದರ ಬಗ್ಗೆ ಮಾತಾಡಬೇಕು. ಆಡೋಣ. ಆದರೆ ಮೊದಲು ಕಾರ್ಟ್ರಿಜ್.

ಯಾಕೆ ಅಂದರೆ, ನನ್ನ ಹತ್ತಿರ ‘ಈ ಪ್ರೀಆಂಪ್‌ನಲ್ಲಿ ಜೀವವೇ ಇಲ್ಲ’ ಅಂತ ಬರುವ ದೂರುಗಳಲ್ಲಿ ಬಹಳಷ್ಟಕ್ಕೆ ಕಾರಣ ಪ್ರೀಆಂಪ್ ಅಲ್ಲ. ಹಿಂದಿರುವ ಒಂದು ಪುಟ್ಟ ಸ್ವಿಚ್. ಸೂಜಿಯ ಜೊತೆ ಸುರುಳಿ ತಂತಿ ಅಲುಗಾಡುವ ಮೂವಿಂಗ್ ಕಾಯಿಲ್ ಕಾರ್ಟ್ರಿಜ್ ಜೊತೆ ಬರುವ ಹಾಳೆಯಲ್ಲಿ ಒಳ ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) 10 ಓಮ್ ಅಂತ ಬರೆದಿರುತ್ತದೆ. ಪ್ರೀಆಂಪಿನ ಹಿಂದೆ ಲೋಡ್ ಆರಿಸಲು 10, 30, 100, 470, 1000 ಓಮ್ ಅಂತ ಗುರುತುಗಳಿರುತ್ತವೆ. ಎರಡೂ ಓಮ್ ಅಲ್ವಾ, ಜೋಡಿ ಮಾಡಿದರಾಯಿತು ಅಂತ 10ಕ್ಕೆ ತಿರುಗಿಸುತ್ತಾರೆ. ಆಮೇಲೆ ಹಾಡು ಮಂಕಾಗಿದೆ ಅಂತ ಇನ್ನೂ ದುಬಾರಿ ಪ್ರೀಆಂಪ್ ಹುಡುಕಲು ಹೊರಡುತ್ತಾರೆ.

ಇದನ್ನು ಎಷ್ಟು ಸಲ ಹೇಳಿದರೂ ಸಾಲದು, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಒಳ ಇಂಪೀಡೆನ್ಸ್ ಅನ್ನುವುದು ಕಾರ್ಟ್ರಿಜ್ ಒಳಗಿನ ಸುರುಳಿ ತಂತಿಯ ಗುಣ. ಲೋಡ್ ಅನ್ನುವುದು ಪ್ರೀಆಂಪ್ ಆ ಕಾರ್ಟ್ರಿಜ್ ಮೇಲೆ ಹೊರಿಸುವ ಭಾರ. ಇವೆರಡೂ ಒಂದೇ ಆಗಬೇಕಿಲ್ಲ, ಆಗಲೂಬಾರದು. ಮನೆ ಮೇಲಿನ ಟ್ಯಾಂಕಿನ ನೀರು ಸಣ್ಣ ಪೈಪಿನಲ್ಲಿ ಇಳಿಯುವಾಗ ನಲ್ಲಿಗಳನ್ನೆಲ್ಲ ಒಟ್ಟಿಗೆ ತೆರೆದರೆ ಒತ್ತಡ ಬೀಳುತ್ತದೆ ನೋಡಿ, ಹಾಗೆಯೇ ಲೋಡ್ ಓಮ್ ಕಡಿಮೆ ಆದಷ್ಟೂ ಕಾರ್ಟ್ರಿಜ್‌ನ ವೋಲ್ಟೇಜ್ ಬೀಳುತ್ತದೆ. 10 ಓಮ್ ಕಾರ್ಟ್ರಿಜ್‌ಗೆ 10 ಓಮ್ ಲೋಡ್ ಕೊಟ್ಟರೆ ವೋಲ್ಟೇಜ್ ಸರಿಯಾಗಿ ಅರ್ಧ. ಅಂದರೆ 6 ಡೆಸಿಬಲ್ ನಷ್ಟ. ಅದೇ 100 ಓಮ್ ಕೊಟ್ಟರೆ ನಷ್ಟ 1 ಡೆಸಿಬಲ್‌ಗಿಂತ ಕಡಿಮೆ.

ಅರ್ಧ ಆದರೆ ಏನಂತೆ, ಗೇನ್ (ಸಿಗ್ನಲನ್ನು ಎಷ್ಟು ಹಿಗ್ಗಿಸಬೇಕು ಅನ್ನುವುದು) ಏರಿಸಿದರಾಯಿತು ಅನ್ನುತ್ತಾರೆ. ಅಲ್ಲೇ ತೊಂದರೆ. ಮೂವಿಂಗ್ ಕಾಯಿಲ್ ಕಾರ್ಟ್ರಿಜ್ ಕೊಡುವುದೇ 0.2ರಿಂದ 0.5 ಮಿಲಿವೋಲ್ಟ್. ಅದರಲ್ಲಿ ಅರ್ಧ ಕಳೆದು, ಉಳಿದದ್ದನ್ನು ದೊಡ್ಡದು ಮಾಡಿದರೆ ಪ್ರೀಆಂಪಿನ ಸ್ವಂತ ಸುಯ್ ಅನ್ನುವ ಸದ್ದೂ ಜೊತೆಗೇ ದೊಡ್ಡದಾಗುತ್ತದೆ. ಕಳೆದುಹೋದ ಸಿಗ್ನಲ್ ವಾಪಸ್ ಬರುವುದಿಲ್ಲ.

ಹಾಗಾದರೆ ಎಷ್ಟಿಡಬೇಕು? ಒಳ ಇಂಪೀಡೆನ್ಸ್‌ನ ಹತ್ತು ಪಟ್ಟಿನಿಂದ ಶುರು ಮಾಡಿ. ತಯಾರಕರು ಹಾಳೆಯಲ್ಲಿ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಸರಿ. ಹಾಳೆಯಲ್ಲಿ ‘100 ಓಮ್‌ಗಿಂತ ಜಾಸ್ತಿ’ ಅಂತಿದ್ದರೆ ಅದು ಕೆಳಗಿನ ಮಿತಿ. 100ಕ್ಕೇ ನಿಲ್ಲಬೇಕು ಅಂತಲ್ಲ, 300 ಅಥವಾ 1000 ಇಟ್ಟರೂ ಏನೂ ಸುಡುವುದಿಲ್ಲ. ಇನ್ನೊಂದು ಮಾತು. ಲೋಡ್ ಬದಲಾಯಿಸಿದಾಗ ಸದ್ದಿನ ಮಟ್ಟವೂ ಬದಲಾಗುತ್ತದೆ. ಜೋರಾಗಿದ್ದದ್ದು ಕಿವಿಗೆ ಚೆನ್ನಾಗೇ ಕೇಳಿಸುತ್ತದೆ. ಆದ್ದರಿಂದ ವಾಲ್ಯೂಮ್ ಸರಿದೂಗಿಸಿ ಹೋಲಿಸಿ. ಮೂವಿಂಗ್ ಕಾಯಿಲ್‌ನಲ್ಲಿ ಲೋಡ್‌ನಿಂದ ಕೇಳಿಸುವ ವ್ಯತ್ಯಾಸದ ದೊಡ್ಡ ಪಾಲು ಈ ಮಟ್ಟದ್ದೇ ಅನ್ನುವುದು ನನ್ನ ಅಭಿಪ್ರಾಯ. ಒಪ್ಪದ ಅನುಭವಿಗಳೂ ಇದ್ದಾರೆ, ಅವರ ಕಿವಿಯನ್ನು ನಾನು ಹಗುರ ಮಾಡುವುದಿಲ್ಲ.

ಈ ತಪ್ಪನ್ನು ಜಾಸ್ತಿ ಮಾಡುವವರು ಎಂಜಿನಿಯರುಗಳು ಅಂದರೆ ನಂಬುತ್ತೀರಾ? ಆಂಟೆನಾ, ರೇಡಿಯೋ ಕೇಬಲ್ ಕೆಲಸ ಮಾಡಿದವರಿಗೆ ಎರಡೂ ಕಡೆ ಇಂಪೀಡೆನ್ಸ್ ಸಮ ಇರಬೇಕು ಅನ್ನುವುದು ರಕ್ತದಲ್ಲೇ ಇಳಿದಿರುತ್ತದೆ. ಅಲ್ಲಿ ಅದು ಸರಿ. ಇಲ್ಲಿ ನಮಗೆ ಬೇಕಾದದ್ದು ಪವರ್ ಅಲ್ಲ, ವೋಲ್ಟೇಜ್. ಅಂಥ ಒಬ್ಬರು ಡೆನಾನ್ ಡಿಎಲ್-103 ಇಟ್ಟುಕೊಂಡಿದ್ದರು. 1960ರ ದಶಕದಲ್ಲಿ ಜಪಾನಿನ ರೇಡಿಯೋ ಪ್ರಸಾರಕ್ಕೆಂದು ಹುಟ್ಟಿದ ಕಾರ್ಟ್ರಿಜ್ ಅದು, 0.3 ಮಿಲಿವೋಲ್ಟ್, 40 ಓಮ್. ಲೋಡನ್ನು ಅವರು 40ರ ಹತ್ತಿರಕ್ಕೆ ತಂದು, ಗೇನನ್ನು ತುದಿಗೇರಿಸಿ, ಸುಯ್ ಸದ್ದಿನ ಮಧ್ಯೆ ಪಿಟೀಲು ಕೇಳುತ್ತಿದ್ದರು. ಸ್ವಿಚ್ಚನ್ನು 470ಕ್ಕೆ ತಿರುಗಿಸಿ ಗೇನ್ ಇಳಿಸಿದೆ. ಖುಷಿಪಡುತ್ತಾರೆ ಅಂದುಕೊಂಡರೆ ಮುಖ ಸಪ್ಪಗಾಯಿತು. ಹೊಸ ಪ್ರೀಆಂಪಿಗೆ ಆಗಲೇ ಮುಂಗಡ ಕೊಟ್ಟಿದ್ದರು. ಒಳ್ಳೆಯ ಮನುಷ್ಯ, ಕಾಗದ ಪೆನ್ನು ಹಿಡಿದು ನನ್ನ ಜೊತೆ ಇನ್ನೂ ಅರ್ಧ ಗಂಟೆ ವಾದ ಮಾಡಿದರು.

ಇದೇ ಕಾರ್ಟ್ರಿಜ್‌ಗೆ ಇನ್ನೊಂದು ಬಲೆ ಇದೆ. ಕರೆಂಟ್ ಇನ್‌ಪುಟ್ ಇರುವ ಸಾಲಿಡ್ ಸ್ಟೇಟ್ (ವಾಲ್ವ್ ಇಲ್ಲದ, ಟ್ರಾನ್ಸಿಸ್ಟರಿನ) ಪ್ರೀಆಂಪ್‌ಗಳು ಈಗ ಸಾಕಷ್ಟು ಇವೆ. ಅವು ವೋಲ್ಟೇಜ್ ಬದಲು ಕಾರ್ಟ್ರಿಜ್ ಹರಿಸುವ ಕರೆಂಟನ್ನು ಹಿಗ್ಗಿಸುತ್ತವೆ. ಲೋಡ್ ಸ್ವಿಚ್ಚೇ ಬೇಕಿಲ್ಲ ಅಂತ ಜನ ಅದಕ್ಕೆ ಮುಗಿಬೀಳುತ್ತಾರೆ. 2 ಓಮ್, 5 ಓಮ್ ಕಾರ್ಟ್ರಿಜ್‌ಗೆ ಬಹಳ ಚೆನ್ನ, ಸದ್ದೂ ಕಡಿಮೆ. 40 ಓಮ್ ಕಾರ್ಟ್ರಿಜ್ ಹಾಕಿದರೆ ಕರೆಂಟೇ ಸಾಕಷ್ಟು ಹರಿಯುವುದಿಲ್ಲ, ಹಾಡು ದೂರದಿಂದ ಬಂದ ಹಾಗಿರುತ್ತದೆ. ಸುರುಳಿ ಬದಲು ಅಯಸ್ಕಾಂತ ಅಲುಗಾಡುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಅಂತೂ ಆ ಇನ್‌ಪುಟ್‌ಗೆ ಹಾಕಲೇಬೇಡಿ. ಕಾರ್ಟ್ರಿಜ್ ಯಾವುದು ಅಂತ ಮೊದಲು ಕೇಳುವುದು ಇದಕ್ಕೇ.

ಮೂವಿಂಗ್ ಮ್ಯಾಗ್ನೆಟ್‌ನ ಕಥೆಯೇ ಬೇರೆ. ಅಲ್ಲಿ ಲೋಡ್ 47 ಕಿಲೋಓಮ್ ಅಂತ ಮೊದಲೇ ನಿಗದಿ, ಅದನ್ನು ಮುಟ್ಟಬೇಕಿಲ್ಲ. ನೋಡಬೇಕಾದದ್ದು ಕೆಪ್ಯಾಸಿಟೆನ್ಸ್ (ತಂತಿ, ಇನ್‌ಪುಟ್ ಚಾರ್ಜ್ ಹಿಡಿದಿಡುವ ಗುಣ), ಯಾರೂ ನೋಡದೇ ಇರುವುದೂ ಅದನ್ನೇ. ಈ ಕಾರ್ಟ್ರಿಜ್‌ಗಳ ಸುರುಳಿ ದೊಡ್ಡದು, 500 ಮಿಲಿಹೆನ್ರಿ ಆಸುಪಾಸು ಇಂಡಕ್ಟೆನ್ಸ್ (ಕರೆಂಟಿನ ಬದಲಾವಣೆಗೆ ಸುರುಳಿ ಒಡ್ಡುವ ತಡೆ) ಇರುತ್ತದೆ. ಅದಕ್ಕೆ 150 ಪಿಕೋಫ್ಯಾರಡ್ ಸೇರಿದರೆ ಅನುರಣನ (ಸದ್ದು ಉಬ್ಬಿ ಕೇಳುವ ಕಂಪನಾಂಕ) 18 ಕಿಲೋಹರ್ಟ್ಸ್ ಹತ್ತಿರ ಬರುತ್ತದೆ. 300 ಸೇರಿದರೆ 13ಕ್ಕೆ ಇಳಿಯುತ್ತದೆ, ಅಂದರೆ ತಾಳದ ಝಣಝಣ ಇರುವ ಜಾಗದಲ್ಲೇ ಒಂದು ಉಬ್ಬು. ಟೋನ್‌ಆರ್ಮ್ (ಕಾರ್ಟ್ರಿಜ್ ಹಿಡಿದ ತೋಳು) ತಂತಿ, ಕೇಬಲ್, ಪ್ರೀಆಂಪ್ ಮೂರನ್ನೂ ಕೂಡಿಸಿ ಲೆಕ್ಕ ಹಾಕಬೇಕು. ಆರ್ಟೊಫೋನ್ 2ಎಂ ಸಾಲಿಗೆ 150ರಿಂದ 300 ಹೇಳುತ್ತಾರೆ, ಆಡಿಯೋ ಟೆಕ್ನಿಕಾದವರು ಸಾಮಾನ್ಯವಾಗಿ 100ರಿಂದ 200. ಕೇಬಲೇ 150 ತಿಂದರೆ ಪ್ರೀಆಂಪ್‌ಗೆ ಉಳಿಯುವುದೆಷ್ಟು? ಮೂವಿಂಗ್ ಮ್ಯಾಗ್ನೆಟ್ ಬಿಡುವ ಯೋಚನೆ ಇಲ್ಲದಿದ್ದರೆ, ಇದನ್ನು ಹೊಂದಿಸಲು ಬರುವ ಪ್ರೀಆಂಪನ್ನೇ ಹುಡುಕಿ. ದುಬಾರಿ ಪೆಟ್ಟಿಗೆಗಳಲ್ಲಿ ಮೂವಿಂಗ್ ಕಾಯಿಲ್‌ಗೆ ಹತ್ತಾರು ಲೋಡ್ ಕೊಟ್ಟು ಈ ಕಡೆ ಕೈ ತೊಳೆದುಕೊಂಡಿರುವುದೂ ಉಂಟು.

ಗೇನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೂವಿಂಗ್ ಮ್ಯಾಗ್ನೆಟ್‌ಗೆ 40 ಡೆಸಿಬಲ್, ಕಡಿಮೆ ಔಟ್‌ಪುಟ್‌ನ ಮೂವಿಂಗ್ ಕಾಯಿಲ್‌ಗೆ 60ರ ಆಸುಪಾಸು. 70 ಇದ್ದರೆ ಇನ್ನೂ ಮೇಲು ಅಂತ 5 ಮಿಲಿವೋಲ್ಟ್ ಕಾರ್ಟ್ರಿಜ್ ಸಿಕ್ಕಿಸಿದರೆ ಹೊರಗೆ 15 ವೋಲ್ಟ್‌ಗಿಂತ ಜಾಸ್ತಿ ಬರಬೇಕಾಗುತ್ತದೆ, ಪಾಪ ಎಲ್ಲಿಂದ ತರುತ್ತದೆ, ಸದ್ದು ಕರ್ಕಶವಾಗಿ ಒಡೆದುಹೋಗುತ್ತದೆ. 2 ಮಿಲಿವೋಲ್ಟ್ ಕೊಡುವ ಹೈ ಔಟ್‌ಪುಟ್ ಮೂವಿಂಗ್ ಕಾಯಿಲ್ ಅನ್ನು ಮೂವಿಂಗ್ ಮ್ಯಾಗ್ನೆಟ್ ಇನ್‌ಪುಟ್‌ಗೇ ಹಾಕಿ.

ಪ್ರೀಆಂಪಿನ ಒಳಗೆ ಹಿಗ್ಗಿಸುವ ಭಾಗ ಮಾಮೂಲಿ (ಬೈಪೋಲಾರ್) ಟ್ರಾನ್ಸಿಸ್ಟರಾ, ಜೆಫೆಟ್ಟಾ (ಇನ್ನೊಂದು ಬಗೆಯ ಟ್ರಾನ್ಸಿಸ್ಟರ್) ಅಂತ ಕೇಳುವವರಿಗೆ, ಎರಡರಲ್ಲೂ ಚೆನ್ನಾಗಿ ಮಾಡಿದವು ಇವೆ. ಸುಮ್ನೆ ಹೇಳುವುದಾದರೆ ಬೈಪೋಲಾರ್ ಟ್ರಾನ್ಸಿಸ್ಟರ್ ಕಡಿಮೆ ಓಮ್‌ನ ಮೂವಿಂಗ್ ಕಾಯಿಲ್‌ಗೆ ಒಗ್ಗುತ್ತದೆ, ಜೆಫೆಟ್ ಮೂವಿಂಗ್ ಮ್ಯಾಗ್ನೆಟ್‌ಗೆ. ಆರ್‌ಐಎಎ ಕರ್ವ್ (ರೆಕಾರ್ಡ್ ಕೊರೆಯುವಾಗ ಬಾಸ್ ಇಳಿಸಿ ಟ್ರೆಬಲ್ ಏರಿಸಿದ್ದನ್ನು ಪ್ರೀಆಂಪ್ ವಾಪಸ್ ಸರಿಮಾಡುವ ಅಳತೆ) ±0.1 ಡೆಸಿಬಲ್ ಇದೆಯಾ ±0.2 ಇದೆಯಾ ಅಂತ ಜಗಳ ಆಡುವವರ ಕೋಣೆಯೇ ಬಾಸ್‌ನಲ್ಲಿ 10 ಡೆಸಿಬಲ್ ಏರಿಳಿತ ಮಾಡುತ್ತಿರುತ್ತದೆ. ಹಳೆಯ ಕರ್ವ್‌ಗಳ ಸ್ವಿಚ್ಚುಗಳಿಗೆ ದುಡ್ಡು ಸುರಿಯುವ ಮೊದಲು, ಆರ್‌ಐಎಎ ಬಂದ 1954ಕ್ಕೆ ಹಿಂದಿನ ರೆಕಾರ್ಡ್ ನಿಮ್ಮ ಹತ್ತಿರ ನಿಜಕ್ಕೂ ಎಷ್ಟಿವೆ ಅಂತ ಎಣಿಸಿ. ಅದರ ಬದಲು ಸಬ್‌ಸಾನಿಕ್ ಫಿಲ್ಟರ್ (ಕಿವಿಗೆ ಕೇಳದಷ್ಟು ಕೆಳಗಿನ ಕಂಪನ ತಡೆಯುವುದು) ಇದ್ದರೆ ಒಳ್ಳೆಯದು. ಬಗ್ಗಿದ ರೆಕಾರ್ಡ್ ತಿರುಗುವಾಗ ವೂಫರ್ ಕೋನ್ ಸದ್ದಿಲ್ಲದೆ ಹಿಂದೆ ಮುಂದೆ ತೂಗಾಡುವುದನ್ನು ನೋಡಿದವರಿಗೆ ಇದು ಗೊತ್ತು.

ಕೊಳ್ಳುವ ಮೊದಲು ನಿಮ್ಮ ಕಾರ್ಟ್ರಿಜ್ ಜೊತೆಗೇ ಕೇಳಿ, ಅಂಗಡಿಯವರ ಕಾರ್ಟ್ರಿಜ್‌ನಲ್ಲಿ ಅಲ್ಲ. ಲೋಡ್ ಸರಿ ಮಾಡಿ, ನೀವು ದಿನಾ ಕೇಳುವ ಮಟ್ಟಕ್ಕೆ ವಾಲ್ಯೂಮ್ ತನ್ನಿ, ಆಮೇಲೆ ಸೂಜಿ ಎತ್ತಿಬಿಡಿ. ಕೂತ ಜಾಗಕ್ಕೆ ಸುಯ್ ಸದ್ದು ಕೇಳಿಸದಿದ್ದರೆ ಸಾಕು, ಸ್ಪೀಕರಿಗೆ ಕಿವಿ ಹಚ್ಚಿ ಹುಡುಕಬೇಡಿ. ಗುಂಯ್ ಅನ್ನುತ್ತಿದ್ದರೆ ಅರ್ತ್ ತಂತಿ ನೋಡಿ, ಪ್ರೀಆಂಪನ್ನು ಪವರ್ ಆಂಪ್‌ನ ಟ್ರಾನ್ಸ್‌ಫಾರ್ಮರಿನಿಂದ ದೂರ ಸರಿಸಿ, ಆಮೇಲೆ ನನಗೆ ಫೋನ್ ಮಾಡಿ.