ಹಾರಾಟ ಕಲಿಯಲು ಎಂಥ ಗುಡ್ಡೆ ಬೇಕು?

ಪ್ಯಾರಾಗ್ಲೈಡಿಂಗ್, ಅಂದರೆ ಬಟ್ಟೆಯ ರೆಕ್ಕೆ ಕಟ್ಟಿಕೊಂಡು ಗುಡ್ಡದಿಂದ ಹಾರುವ ಆಟ, ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಹಿಮಾಲಯ. ಹಿಮಾಚಲ ಪ್ರದೇಶದ ಬಿಲ್ಲಿಂಗ್‌ನಲ್ಲಿ ಸುಮಾರು 2,400 ಮೀಟರ್ ಎತ್ತರದಿಂದ ಹಾರಿ, ಕೆಳಗಿನ ಬೀರ್ ಊರಿನಲ್ಲಿ ಇಳಿಯುವ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. 2015ರಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ನಡೆದ ಜಾಗ ಅದು. ಹಾಗಾಗಿ ಗುಡ್ಡ ಎತ್ತರ ಇದ್ದಷ್ಟೂ ಹಾರಾಟಕ್ಕೆ ಒಳ್ಳೆಯದು ಅನ್ನುವ ಭಾವನೆ ನಮ್ಮಲ್ಲಿ ಗಟ್ಟಿಯಾಗಿಬಿಟ್ಟಿದೆ. ಪಳಗಿದವರ ಮಟ್ಟಿಗೆ ಅದು ಸರಿಯೇ. ಹೊಸಬರಿಗೆ ಎತ್ತರಕ್ಕಿಂತ ಮೊದಲು ಬೇಕಾದ್ದು ಸಾಧು ಗಾಳಿ. ಒಂದೇ ದಿಕ್ಕಿನಿಂದ, ಒಂದೇ ಹದದಲ್ಲಿ, ಒಂದೆರಡು ಗಂಟೆ ಬಿಡದೆ ಬೀಸುವ ಗಾಳಿ. ಅಂಥದ್ದು ಎಲ್ಲಿ ಸಿಗುತ್ತದೆ ಎಂದು ಹುಡುಕಿಕೊಂಡು ಹೋದರೆ, ನಾವು ಕಾಸರಗೋಡಿನವರು ದಿನಾ ಬೈಯುವ ಸೆಖೆಯ ಹತ್ತಿರವೇ ಬಂದು ನಿಲ್ಲುತ್ತೇವೆ.

ಕಲಿಕೆಗೆ ಎತ್ತರ ಬೇಡ ಎಂಬುದಕ್ಕೆ ಹಳೆಯ ಸಾಕ್ಷಿಯೇ ಇದೆ. ಎಂಜಿನ್ ಇಲ್ಲದ ಗ್ಲೈಡರ್‌ಗಳಲ್ಲಿ ಹಾರಿ ಹೆಸರಾದ ಜರ್ಮನಿಯ ಓಟೊ ಲಿಲಿಯೆಂಥಾಲ್ 1894ರಲ್ಲಿ ಬರ್ಲಿನ್ ಹತ್ತಿರ ಹಾರಾಟದ ಅಭ್ಯಾಸಕ್ಕೆಂದೇ ಒಂದು ಗುಡ್ಡೆ ಕಟ್ಟಿಸಿದರು. ಅದರ ಎತ್ತರ 15 ಮೀಟರ್, ನಮ್ಮ ತೋಟದ ಹಳೆಯ ಅಡಿಕೆ ಮರದಷ್ಟು. ಅವರು ಜಾಣತನ ತೋರಿಸಿದ್ದು ಅದರ ಆಕಾರದಲ್ಲಿ. ಗುಡ್ಡೆ ಎಲ್ಲ ಕಡೆಗೂ ಒಂದೇ ಸಮನೆ ಇಳಿಜಾರಾಗಿತ್ತು. ಗಾಳಿ ಯಾವ ಕಡೆಯಿಂದ ಬೀಸಿದರೂ ಅದಕ್ಕೆ ಎದುರಾಗಿ ಓಡಬಹುದಿತ್ತು. ಎರಡು ವರ್ಷಗಳ ನಂತರ, ಬೇರೊಂದು ನೈಸರ್ಗಿಕ ಗುಡ್ಡದಲ್ಲಿ ಹಾರುವಾಗ ಅವರ ಗ್ಲೈಡರ್ ಸ್ಟಾಲ್ ಆಗಿ, ಅಂದರೆ ರೆಕ್ಕೆ ಗಾಳಿಯ ಮೇಲಿನ ಹಿಡಿತ ಕಳೆದುಕೊಂಡು, ಬಿದ್ದು ತೀರಿಕೊಂಡರು. ಹಾರಾಟದ ಚರಿತ್ರೆಯಲ್ಲಿ ನಾನು ತುಂಬಾ ಗೌರವಿಸುವ ಮನುಷ್ಯ ಅವರು.

ಈಗಿನ ಬಟ್ಟೆಯ ರೆಕ್ಕೆ ಬಂದದ್ದು ಬಹಳ ತಡವಾಗಿ. ಅಮೆರಿಕದ ಡೊಮಿನಾ ಜಾಲ್ಬರ್ಟ್ 1960ರ ದಶಕದಲ್ಲಿ ಗಾಳಿ ತುಂಬಿಕೊಂಡು ರೆಕ್ಕೆಯ ಆಕಾರ ಪಡೆಯುವ ಪ್ಯಾರಾಫಾಯಿಲ್ ರೂಪಿಸಿದರು. 1978ರಲ್ಲಿ ಫ್ರಾನ್ಸಿನ ಮಿಯೂಸಿ ಎಂಬ ಹಳ್ಳಿಯಲ್ಲಿ ಮೂವರು ಪ್ಯಾರಾಚೂಟ್ ಹವ್ಯಾಸಿಗಳು, ವಿಮಾನದ ಖರ್ಚು ಯಾಕೆ ಅಂತ ಪ್ಯಾರಾಚೂಟನ್ನು ಇಳಿಜಾರಿನಲ್ಲಿ ಹರಡಿ, ಓಡಿ, ಹಾರಿದರು. ಕ್ರೀಡೆ ಹುಟ್ಟಿದ್ದು ಹೀಗೆ.

ಆ ರೆಕ್ಕೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಎರಡು ಪದರ ನೈಲಾನ್ ಬಟ್ಟೆ. ನಡುವೆ ಉದ್ದಕ್ಕೂ ಬಟ್ಟೆಯದೇ ಗೋಡೆಗಳು. ಹಾಗಾಗಿ ಒಳಗೆ ಸಾಲುಸಾಲು ಕೋಣೆಗಳು. ಮುಂಭಾಗದಲ್ಲಿ ಅವುಗಳ ಬಾಯಿ ತೆರೆದಿರುತ್ತದೆ, ಹಿಂದೆ ಹೊಲಿದು ಮುಚ್ಚಿರುತ್ತದೆ. ಹುಲ್ಲಿನ ಮೇಲೆ ಹರಡಿದಾಗ ಸುಮ್ನೆ ಬಿದ್ದಿರುವ ಬಟ್ಟೆ. ಪೈಲಟ್ ಮುಂದಿನ ಸಾಲಿನ ದಾರಗಳನ್ನು ಎಳೆದು ಎರಡು ಹೆಜ್ಜೆ ಇಟ್ಟರೆ ನಡುವಿನ ಕೋಣೆಗಳು ಮೊದಲು ತುಂಬಿಕೊಳ್ಳುತ್ತವೆ. ಅಲ್ಲಿಂದ ಗಾಳಿ ಎರಡೂ ತುದಿಗೆ ಹರಿಯುತ್ತದೆ. ಗೋಡೆಗಳಲ್ಲಿ ಅದಕ್ಕೆಂದೇ ತೂತುಗಳಿವೆ. ಬಟ್ಟೆ ಪಟಪಟ ಸದ್ದು ಮಾಡುತ್ತಾ ಮೇಲೇಳುತ್ತದೆ, ತಲೆಯ ಮೇಲೆ ಬಂದಾಗ ಸದ್ದು ನಿಂತು ಬಿಗಿಯಾಗುತ್ತದೆ. ಲೋಹದ ಒಂದು ಕಂಬಿಯೂ ಇಲ್ಲದೆ ಅದು ರೆಕ್ಕೆಯಾಗಿಬಿಟ್ಟಿದೆ.

ಅದನ್ನು ಬಿಗಿಯಾಗಿ ಹಿಡಿದಿಡುವ ಒತ್ತಡ ಎಷ್ಟು ಗೊತ್ತೇ? ಕಲಿಯುವವರ ರೆಕ್ಕೆ ಗಂಟೆಗೆ ಸುಮಾರು 36 ಕಿಲೋಮೀಟರ್, ಅಂದರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹಾರುತ್ತದೆ. ಆ ವೇಗದ ಗಾಳಿ ಕೋಣೆಯ ಬಾಯಿಗೆ ಬಡಿದಾಗ ಹುಟ್ಟುವ ಒತ್ತಡ ಸುಮಾರು 60 ಪಾಸ್ಕಲ್. ಪಾತ್ರೆಯಲ್ಲಿ 6 ಮಿಲಿಮೀಟರ್ ನೀರು ನಿಂತರೆ ತಳಕ್ಕೆ ಬೀಳುವ ಒತ್ತಡ ಅಷ್ಟೇ ಇರುತ್ತದೆ! ಅಷ್ಟರಲ್ಲೇ 25 ಚದರ ಮೀಟರ್ ರೆಕ್ಕೆ ತನ್ನ ಆಕಾರ ಉಳಿಸಿಕೊಂಡು, 90 ಕಿಲೋ ಭಾರ ಹೊರುತ್ತದೆ. ಮೊದಲ ಸಲ ಈ ಲೆಕ್ಕ ಮಾಡಿದವರಿಗೆ ನಂಬಿಕೆಯೇ ಬರುವುದಿಲ್ಲ.

ಹೀಗಿರುವಾಗ ಗಾಳಿಯ ಗುಣ ಯಾಕೆ ಅಷ್ಟು ಮುಖ್ಯ ಎನ್ನುವುದು ತಾನೇ ತಿಳಿಯುತ್ತದೆ. ಮೇಲಿನಿಂದ ಒಂದು ಗಾಳಿಯ ಹೊಡೆತ ಬಂದರೆ ರೆಕ್ಕೆಯ ಮುಂಭಾಗ ಮಡಚಿಕೊಳ್ಳಬಹುದು. ಹೊಸಬರಿಗೆ ಕೊಡುವ 'ಎ' ದರ್ಜೆಯ ರೆಕ್ಕೆಗಳನ್ನು, ಮಡಚಿದರೂ ಹೆಚ್ಚಾಗಿ ತಾವಾಗಿಯೇ ತೆರೆದುಕೊಳ್ಳುವ ಹಾಗೆ ಮಾಡಿ, ಪರೀಕ್ಷಿಸಿರುತ್ತಾರೆ. ಆದರೆ ತೆರೆದುಕೊಳ್ಳಲು ಎತ್ತರ ಬೇಕಲ್ಲ. ಕಲಿಯುವವರು ಹಾರುವುದು ನೆಲದ ಹತ್ತಿರ. ಅವರ ನಿಜವಾದ ರಕ್ಷಣೆ ಗಾಳಿಯ ಆಯ್ಕೆಯಲ್ಲೇ ಇದೆ.

ಈಗ ನಮ್ಮ ಜಿಲ್ಲೆಯ ಧರ್ಮತ್ತಡ್ಕ ಬಳಿಯ ಪೊಸಡಿ ಗುಂಪೆ ಗುಡ್ಡೆಗೆ ಬನ್ನಿ. ಮುಳಿಹುಲ್ಲು ತುಂಬಿದ ಬೋಳು ನೆತ್ತಿ. ಆಕಾಶ ತಿಳಿಯಾಗಿದ್ದರೆ ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಘಟ್ಟದ ಸಾಲು. ಇಂಥ ಕಡೆ ಹಾರಾಟದ ಲೆಕ್ಕವನ್ನು ಕಾಗದ ಪೆನ್ಸಿಲಿನಲ್ಲೇ ಮಾಡಬಹುದು. ನಮ್ಮ ರೆಕ್ಕೆ 8 ಮೀಟರ್ ಮುಂದೆ ಹೋಗುವಷ್ಟರಲ್ಲಿ 1 ಮೀಟರ್ ಇಳಿಯುತ್ತದೆ ಅಂದುಕೊಳ್ಳೋಣ. ಹಾಗಿದ್ದರೆ ಸೆಕೆಂಡಿಗೆ ಒಂದೂಕಾಲು ಮೀಟರ್ ಕೆಳಗೆ. ಕಡಲಿನಿಂದ ಗಂಟೆಗೆ 18 ಕಿಲೋಮೀಟರ್, ಅಂದರೆ ಸೆಕೆಂಡಿಗೆ 5 ಮೀಟರ್ ಗಾಳಿ ಬರುತ್ತಿದೆ. ಗುಡ್ಡೆಯ ಇಳಿಜಾರು 4 ಮೀಟರಿಗೆ 1 ಮೀಟರ್ ಏರುವಂಥದ್ದು. ಗಾಳಿ ಆ ಇಳಿಜಾರನ್ನು ಹತ್ತಲೇಬೇಕು, ಬೇರೆ ದಾರಿ ಇಲ್ಲ. ಹತ್ತುವಾಗ ಅದು ಸೆಕೆಂಡಿಗೆ ಒಂದೂಕಾಲು ಮೀಟರ್ ಮೇಲೇರುತ್ತದೆ. ರೆಕ್ಕೆ ಇಳಿಯುವುದೂ ಅಷ್ಟೇ, ಗಾಳಿ ಏರುವುದೂ ಅಷ್ಟೇ. ಗುಡ್ಡೆಯ ಮುಂದೆ ಅತ್ತಿತ್ತ ಹಾರುತ್ತಾ ಅದೇ ಎತ್ತರದಲ್ಲಿ ಇರಬಹುದು.

ನೆಲದ ಹತ್ತಿರ ಗಾಳಿಯ ವೇಗ ತಗ್ಗುವುದರಿಂದ ಇದು ಅಂದಾಜಿನ ಲೆಕ್ಕ. ಆದರೂ ಹೊಸಬರಿಗೆ ಬೇಕಾದ್ದು ಇದರಲ್ಲೇ ಇದೆ. ಗಾಳಿ ಇದಕ್ಕಿಂತ ಸ್ವಲ್ಪ ಕಡಿಮೆ ಇದ್ದರೆ ರೆಕ್ಕೆ ಮೆಲ್ಲನೆ ಇಳಿಯುತ್ತಾ ಹೋಗುತ್ತದೆ, ಯೋಚಿಸಲು ಸಮಯ ಸಿಗುತ್ತದೆ. ಎದುರು ಗಾಳಿಯಲ್ಲಿ ನೆಲದ ಲೆಕ್ಕಕ್ಕೆ ವೇಗ ಗಂಟೆಗೆ 18 ಕಿಲೋಮೀಟರ್ ಮಾತ್ರ. ಅದೇ ಗಾಳಿ ಬೆನ್ನಿಗಿದ್ದರೆ 54! ಕಲಿಸುವವರು ಮೊದಲ ದಿನದಿಂದಲೇ 'ಗಾಳಿಗೆ ಮುಖ ಕೊಡು' ಎಂದು ಹೇಳುತ್ತಲೇ ಇರುವುದು ಇದಕ್ಕೇ.

ಇನ್ನು ಗಾಳಿ ಜೋರಾದರೆ ಬರೀ ವೇಗ ಹೆಚ್ಚಾಯಿತು ಅಂತ ಬಿಡುವ ಹಾಗಿಲ್ಲ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಹೊಸಬರನ್ನು ಅದು ನೆತ್ತಿಯ ಹಿಂದಕ್ಕೆ ಎಳೆದೊಯ್ಯಬಹುದು. ಹಿಂದೆ ಇರುವುದು ಸುಳಿಗಾಳಿ. ಗುಡ್ಡೆ ದಾಟಿದ ಗಾಳಿ ಆ ಕಡೆ ಉರುಳಿ ಕೆಳಗೆ ಬೀಳುತ್ತದೆ. ಅಲ್ಲಿ ರೆಕ್ಕೆಗೆ ಉಳಿಗಾಲವಿಲ್ಲ.

ಡಿಸೆಂಬರ್‌ನಿಂದ ಫೆಬ್ರವರಿ ತನಕ ನಮ್ಮಲ್ಲಿ ಬೆಳಿಗ್ಗೆ ಗಾಳಿ ಬರುವುದು ಘಟ್ಟದ ಕಡೆಯಿಂದ. ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ತಣಿಯುವುದಿಲ್ಲ. ಬಿಸಿಲೇರಿದ ಮೇಲೆ ಇದು ತಿರುಗುಮುರುಗು. ಹನ್ನೊಂದು, ಹನ್ನೆರಡರ ಹೊತ್ತಿಗೆ ಕಡಲ ಗಾಳಿ ಶುರುವಾಗುತ್ತದೆ, ಮಧ್ಯಾಹ್ನದ ನಂತರ ಬಲವಾಗಿ, ಸಂಜೆ ಇಳಿಯುತ್ತದೆ. ಬೆಳಿಗ್ಗೆ ಪಶ್ಚಿಮದ ಇಳಿಜಾರಿನಲ್ಲಿ ನಿಂತರೆ ಮುಖಕ್ಕೆ ಗಾಳಿಯೇ ತಾಗದೆ, ವಾತಾವರಣ ಶಾಂತವಾಗಿದೆ ಅನ್ನಿಸುತ್ತದೆ. ಅದು ಗುಡ್ಡೆಯ ಮರೆ ಅಷ್ಟೇ. ಸುಳಿಗಾಳಿ ಇರುವುದೇ ಆ ಮರೆಯಲ್ಲಿ. ನೆತ್ತಿಯ ಮೇಲಿನ ಮುಳಿಹುಲ್ಲು ಯಾವ ಕಡೆ ಬಾಗಿದೆ ಅಂತ ನೋಡಿದವರಿಗೆ ನಿಜ ಗೊತ್ತಾಗುತ್ತದೆ. ಗರುಡ ಪಕ್ಷಿಗಳೂ ಹೇಳುತ್ತವೆ. 2023ರಲ್ಲಿ ಕಾಸರಗೋಡು ತನ್ನ ಜಿಲ್ಲಾ ಪಕ್ಷಿ ಎಂದು ಘೋಷಿಸಿಕೊಂಡ ಬಿಳಿ ಹೊಟ್ಟೆಯ ಕಡಲ ಹದ್ದು ಕೂಡ. ಅವು ರೆಕ್ಕೆ ಬಡಿಯದೆ ಇಳಿಜಾರಿನ ಮುಂದೆ ತೇಲುತ್ತಿದ್ದರೆ ಅಲ್ಲಿ ಗಾಳಿ ಮೇಲೇರುತ್ತಿದೆ ಎಂದೇ ಅರ್ಥ.

ಕಡಲ ಗಾಳಿ ಸಾಧುವಾಗಿರಲು ಕಾರಣವಿದೆ. ಅದು ಹಾದು ಬಂದದ್ದು ಸಮತಟ್ಟಾದ, ಎಲ್ಲೆಡೆ ಹೆಚ್ಚುಕಮ್ಮಿ ಒಂದೇ ಉಷ್ಣತೆಯ ನೀರಿನ ಮೇಲೆ. ಅದನ್ನು ಕಲಕಲು ದಾರಿಯಲ್ಲಿ ಮರವಿಲ್ಲ, ಕಟ್ಟಡವಿಲ್ಲ, ಕಾದ ಬಂಡೆಯಿಲ್ಲ. ಕಡಲಿಗೆ ಹತ್ತಿರದ ಮೊದಲ ಸಾಲಿನ ಗುಡ್ಡೆಗಳಿಗೆ ಆ ಗಾಳಿ ಹೆಚ್ಚು ಕಲಕದೆ ಸಿಗುತ್ತದೆ. ಒಳನಾಡಿಗೆ ಹೋದಷ್ಟೂ ನೆಲದ ಬಿಸಿ ಅದರೊಳಗೆ ಸೇರಿಕೊಳ್ಳುತ್ತದೆ.

ಇನ್ನು ಸೆಖೆಯ ವಿಷಯ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ.

ನೆಲ ಕಾದರೆ ಅದರ ಮೇಲಿನ ಗಾಳಿ ಬಿಸಿಯಾಗಿ ಕಂಬದ ಹಾಗೆ ಮೇಲೇಳುತ್ತದೆ. ಹಾರುವವರು ಇದನ್ನು ಥರ್ಮಲ್ ಅನ್ನುತ್ತಾರೆ. ಒಣ ಗಾಳಿ ಪ್ರತಿ ಕಿಲೋಮೀಟರ್ ಏರಿದಾಗ ಸುಮಾರು 9.8 ಡಿಗ್ರಿ ತಣಿಯುತ್ತದೆ. ಒಂದು ಎತ್ತರದಲ್ಲಿ ಅದರಲ್ಲಿರುವ ಆವಿ ಹನಿಯಾಗಿ ಮೋಡ ಕಟ್ಟುತ್ತದೆ. ಆ ಎತ್ತರವನ್ನು ಅಂದಾಜು ಮಾಡಲು ಸುಲಭ ಸೂತ್ರವಿದೆ. ಉಷ್ಣತೆಯಿಂದ ಇಬ್ಬನಿ ಬಿಂದುವನ್ನು, ಅಂದರೆ ಗಾಳಿ ತಣಿದು ಅದರ ಆವಿ ಹನಿಯಾಗತೊಡಗುವ ಉಷ್ಣತೆಯನ್ನು, ಕಳೆದು 125ರಿಂದ ಗುಣಿಸಿ. ನಮ್ಮ ಕಡೆ 32 ಡಿಗ್ರಿ ಬಿಸಿ, ಇಬ್ಬನಿ ಬಿಂದು 24 ಇದ್ದರೆ ಮೋಡದ ತಳ 1,000 ಮೀಟರ್. ಅದೇ ಬೇಸಿಗೆಯಲ್ಲಿ ಕನ್ನಡಿಗರು ತುಂಬಾ ಇರುವ ಇನ್ನೊಂದು ಗಡಿ ಜಿಲ್ಲೆ ಸೊಲ್ಲಾಪುರದಲ್ಲಿ 40 ಡಿಗ್ರಿ ಬಿಸಿ, ಇಬ್ಬನಿ ಬಿಂದು 10 ಇದೆ ಅನ್ನೋಣ. ಅಲ್ಲಿ 3,750 ಮೀಟರ್! ಅಲ್ಲಿನ ಒಣ ಕಪ್ಪು ನೆಲದ ಮೇಲೆ ಥರ್ಮಲ್‌ಗಳು ಅಷ್ಟೂ ಎತ್ತರ ಬೆಳೆಯಲು ಜಾಗವಿದೆ. ಸೆಕೆಂಡಿಗೆ 4-5 ಮೀಟರ್ ಏರುವಂಥವು ಅಲ್ಲಿ ಅಪರೂಪವೇನಲ್ಲ. ದೂರ ಹಾರುವ ಪಳಗಿದವರಿಗೆ ಅದು ಹಬ್ಬ. ಹೊಸಬರಿಗೆ ಅಪಾಯ.

ಕರಾವಳಿಯಲ್ಲಿ ಬಿಸಿಲಿನ ಬಹುಪಾಲು ಬೇರೆ ಕೆಲಸಕ್ಕೆ ಹೋಗುತ್ತದೆ. ನೀರು ಬಿಟ್ಟ ಅಡಿಕೆ ತೋಟ, ತೆಂಗಿನ ತೋಟ, ತೋಡು, ಕೆರೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ಅಷ್ಟು ಶಾಖ ಗಾಳಿಯನ್ನು ಬಿಸಿ ಮಾಡದೆ ಆವಿಯೊಳಗೆ ಅಡಗಿ ಕೂರುತ್ತದೆ. ನಮ್ಮ ಬೆವರು ಆರದಂತೆ ಮಾಡುವ ಆವಿ ಅದೇ. ಥರ್ಮಲ್‌ಗಳು ಬಡಕಲಾಗಿ, ಗಾಳಿ ಮೆತ್ತಗಾಗುವುದೂ ಅದರಿಂದಲೇ. ಇದಕ್ಕೊಂದು ಅಪವಾದ ಮುರಕಲ್ಲಿನ ಪಾರೆಗಳು, ಅಂದರೆ ಕೆಂಪು ಕಲ್ಲಿನ ಬೋಳು ಬಂಡೆ ನೆಲ. ಬೇಸಿಗೆಯಲ್ಲಿ ಅಲ್ಲಿ ಆವಿಯಾಗಲು ನೀರೇ ಇರುವುದಿಲ್ಲ. ಮಧ್ಯಾಹ್ನ ಬರಿಗಾಲಲ್ಲಿ ನಡೆದವರಿಗೆ ಗೊತ್ತು ಅದರ ಬಿಸಿ. ಪಾರೆಯ ಮೇಲೆ ಗಾಳಿ ಏರುತ್ತದೆ, ಪಕ್ಕದ ತೋಟದ ಮೇಲೆ ಇಳಿಯುತ್ತದೆ. ಅದಕ್ಕೇ ನಡು ಮಧ್ಯಾಹ್ನ ಹೊಸಬರ ಹೊತ್ತಲ್ಲ. ನಾಲ್ಕೂವರೆಯ ನಂತರ ಕಡಲ ಗಾಳಿ ತಗ್ಗಿ, ಪಾರೆಯೂ ತಣಿಯತೊಡಗಿದಾಗ ಅವರ ಸರದಿ.

ಆದರೆ ಆವಿಯಲ್ಲಿ ಅಡಗಿದ ಶಾಖ ಕಳೆದುಹೋಗಿರುವುದಿಲ್ಲ. ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಸೂರ್ಯ ನಮ್ಮ ನೆತ್ತಿಯ ಮೇಲೇ ಬರುತ್ತಾನೆ. ಕಡಲಿನ ಆವಿಯೆಲ್ಲ ಘಟ್ಟದ ಕಡೆ ಹೋಗಿ ಏರುತ್ತದೆ. ಆವಿ ಹನಿಯಾಗುವಾಗ ಆ ಶಾಖವೆಲ್ಲ ಹೊರಬಿದ್ದು ಗಾಳಿಯನ್ನು ಮತ್ತೆ ಬಿಸಿ ಮಾಡುತ್ತದೆ, ಅದು ಇನ್ನಷ್ಟು ಏರುತ್ತದೆ. ಗುಡುಗು ಮೋಡ ಬೆಳೆಯುವುದು ಹೀಗೆ. 2007ರಲ್ಲಿ ಆಸ್ಟ್ರೇಲಿಯಾದ ಮನಿಲ್ಲಾ ಬಳಿ ಎವಾ ವಿಶ್ನಿಯೆರ್ಸ್ಕಾ ಎಂಬ ನುರಿತ ಪೈಲಟನ್ನು ಇಂಥ ಮೋಡ ಸುಮಾರು 10 ಕಿಲೋಮೀಟರ್ ಎತ್ತರಕ್ಕೆ ಎಳೆದುಕೊಂಡಿತ್ತು. ಪ್ರಜ್ಞೆ ತಪ್ಪಿ, ಮೈಮೇಲೆ ಮಂಜು ಕಟ್ಟಿ, ಅವರು ಬದುಕಿ ಬಂದದ್ದು ಪವಾಡ. ಪೂರ್ವದಲ್ಲಿ ಮೋಡ ಗೋಪುರದಂತೆ ಬೆಳೆಯುತ್ತಿದ್ದರೆ, ನಮ್ಮ ತಲೆಯ ಮೇಲೆ ಬಿಸಿಲಿದ್ದರೂ ರೆಕ್ಕೆ ಮಡಚಿ ಇಡಬೇಕು. ಮೋಡದಿಂದ ಬೀಳುವ ತಣ್ಣನೆಯ ಗಾಳಿ ಮಳೆಗಿಂತ ಬಹಳ ಮುಂದೆ ಓಡಿ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕವಂತೂ ಈ ಮಾತೇ ಬೇಡ.

ಗಾಳಿ ಇಷ್ಟು ಚೆನ್ನಾಗಿದ್ದರೂ ನಮ್ಮ ಜನ ಕಲಿಯಲು ಪುಣೆ ಬಳಿಯ ಕಾಮ್‌ಶೆಟ್‌ಗೋ, ಬೀರ್‌ಗೋ ಹೋಗುತ್ತಾರೆ ಯಾಕೆ? ನನ್ನ ಪ್ರಕಾರ ನಮ್ಮಲ್ಲಿ ದೊಡ್ಡ ಕೊರತೆ ಇಳಿಯುವ ಜಾಗದ್ದು. 100 ಮೀಟರ್ ಎತ್ತರದಿಂದ ಹೊರಟರೆ, ಗಾಳಿ ನಿಂತಿದ್ದಾಗ 800 ಮೀಟರ್ ದೂರ ತಲುಪಬಹುದು. ನಾವು ಹೇಳಿದ ಎದುರು ಗಾಳಿಯಲ್ಲಿ 400 ಮಾತ್ರ. ಆ 400 ಮೀಟರ್ ಒಳಗೆ ನಮ್ಮಲ್ಲಿ ಏನಿದೆ ನೋಡಿ. ರಬ್ಬರ್, ಗೇರು, ಅಡಿಕೆ, ಕರೆಂಟಿನ ತಂತಿ, ಮುರಕಲ್ಲು ಕಡಿದ ಕೋರೆಗಳು. ಮೊದಲೆಲ್ಲ ಗುಡ್ಡೆಯ ಬುಡದಲ್ಲಿ ಗದ್ದೆ ಬೈಲು ಇರುತ್ತಿತ್ತು, ಕೊಯ್ಲಾದ ಮೇಲೆ ತಿಂಗಳುಗಟ್ಟಲೆ ಖಾಲಿ. ಈಗ ಎಷ್ಟೋ ಬೈಲುಗಳು ತೋಟವಾಗಿವೆ. ಗುಡ್ಡೆ ಆರಿಸುವವರು ನೆತ್ತಿಯ ನೋಟಕ್ಕೆ ಮರುಳಾಗದೆ ಮೊದಲು ಬುಡಕ್ಕೆ ಹೋಗಿ ನಿಂತು, ಮೇಲಕ್ಕೆ ನೋಡಬೇಕು. ತಂತಿಯಿಲ್ಲದ, ಗಾಳಿಗೆ ತೆರೆದುಕೊಂಡ ಒಂದು ದೊಡ್ಡ ಬಯಲು ಸಿಕ್ಕಿದರೆ, ಗುಡ್ಡೆ 50 ಮೀಟರ್ ಇದ್ದರೂ ಸಾಕು.

ಆ ಬಯಲಿನಲ್ಲಿ ಇಳಿಯುವುದೂ ಒಂದು ಭೌತಶಾಸ್ತ್ರದ ಪಾಠ. ಪೈಲಟಿನ ಎರಡೂ ಕೈಯಲ್ಲಿ ಬ್ರೇಕಿನ ಹಿಡಿಗಳಿರುತ್ತವೆ. ಅವುಗಳನ್ನು ಎಳೆದರೆ ರೆಕ್ಕೆಯ ಹಿಂದಿನ ಅಂಚು ಕೆಳಗೆ ಬಾಗುತ್ತದೆ, ವೇಗ ಕಡಿಮೆಯಾಗುತ್ತದೆ. ವೇಗ ಗಂಟೆಗೆ ಸುಮಾರು 22-24 ಕಿಲೋಮೀಟರಿಗೆ ಬಂದಾಗ ರೆಕ್ಕೆಯ ಮೇಲ್ಮೈಗೆ ಅಂಟಿ ಹರಿಯುತ್ತಿದ್ದ ಗಾಳಿ ಕಿತ್ತುಹೋಗುತ್ತದೆ. ಇದೇ ಸ್ಟಾಲ್, ಲಿಲಿಯೆಂಥಾಲ್ ಅವರನ್ನು ಕೆಡವಿದ್ದು. ಅದಕ್ಕೇ ಹಾರುವಾಗ ಹೊಸಬರಿಗೆ 'ಕೈ ಮೇಲೆ, ಕೈ ಮೇಲೆ' ಎಂದು ಕೂಗಿ ಹೇಳುತ್ತಾರೆ. ನೆಲ ಹತ್ತಿರ ಬಂದಾಗ ಮಾತ್ರ ಅಪ್ಪಣೆ ಬದಲಾಗುತ್ತದೆ. ಕಾಲಿಗೂ ಹುಲ್ಲಿಗೂ ಒಂದು ಮೀಟರ್ ಅಂತರ ಉಳಿದಾಗ ಎರಡೂ ಬ್ರೇಕನ್ನು ಒಂದೇ ಸಮನೆ, ಸೊಂಟದ ತನಕ ಎಳೆಯಬೇಕು. ಮುಂದೆ ಹೋಗುತ್ತಿದ್ದ ವೇಗ ಒಂದು ಕ್ಷಣ ಮೇಲೆತ್ತುವ ಬಲವಾಗಿ, ಇಳಿತ ನಿಲ್ಲುತ್ತದೆ. ಸ್ಟಾಲ್ ಆಗುವ ಹೊತ್ತಿಗೆ ಕಾಲು ನೆಲದ ಮೇಲಿರುತ್ತದೆ. ಅರ್ಧ ಸೆಕೆಂಡ್ ಬೇಗ ಎಳೆದರೆ ಎರಡು ಮೀಟರ್ ಮೇಲಿಂದ ಬೀಳುತ್ತೀರಿ, ತಡವಾದರೆ ಮಂಡಿ ತರಚುತ್ತದೆ. ಹುಲ್ಲಿನ ನೆಲವಾದರೆ ತರಚಿದ್ದು ಒಂದು ವಾರದಲ್ಲಿ ವಾಸಿಯಾಗುತ್ತದೆ. ಮುರಕಲ್ಲಿನ ಪಾರೆಯಾದರೆ ಅಷ್ಟು ಬೇಗ ವಾಸಿಯಾಗುವುದಿಲ್ಲ.